ಸಮ ಇಲ್ಲದ ನಾಯಿ

ನಮ್ಮ ಮನೆಗೆ ಮುಂಬಾಗಿಲು ಇರಲಿಲ್ಲ. ನಾಸಿಕ್ ರೋಡ್ ಸ್ಟೇಶನ್ನಿನಿಂದ ಐದು ನಿಮಿಷ ನಡೆದರೆ ಅಪ್ಪಯ್ಯನ ಹೋಟೆಲು. ಹೋಟೆಲಿನ ಅಡುಗೆಮನೆ ದಾಟಿದರೆ ನಮ್ಮ ಮನೆ. ಶಾಲೆ ಬಿಟ್ಟು ಬಂದವಳು ಗಲ್ಲಾ, ಎಂಟು ಟೇಬಲ್ಲು, ಕುದಿಯುವ ಎಣ್ಣೆಯ ಬಾಣಲೆ, ಇಡ್ಲಿಯ ಹಬೆ ಇಷ್ಟನ್ನೂ ದಾಟಿಕೊಂಡೇ ಒಳಗೆ ಬರಬೇಕಿತ್ತು. ಒಳಗೆ ಎರಡೇ ಕೋಣೆ. ಒಂದರಲ್ಲಿ ದೇವರು, ಅಕ್ಕಿಮೂಟೆ ಮತ್ತು ಅಜ್ಜಿ. ಇನ್ನೊಂದರಲ್ಲಿ ಉಳಿದ ನಾವು ಮೂವರು. ಹಿಂದುಗಡೆ ಪುಟ್ಟ ಅಂಗಳ, ಅದರಲ್ಲಿ ಬಟ್ಟೆ ಒಗೆಯುವ ಕಲ್ಲು, ನಳ, ಸುತ್ತ ತುಕ್ಕು ಹಿಡಿದ ತಗಡಿನ ಬೇಲಿ. ಆ ತಗಡನ್ನು ಎಲ್ಲರೂ ಮರಾಠಿಯಲ್ಲಿ ಪತ್ರಾ ಎನ್ನುತ್ತಿದ್ದರು, ನಾವೂ ಹಾಗೇ ಎನ್ನುತ್ತಿದ್ದೆವು. ಬೇಲಿಯಾಚೆ ಓಣಿ, ಓಣಿಯಾಚೆ ವರ್ಷಗಟ್ಟಲೆ ಮುಗಿಯದೆ ನಿಂತಿದ್ದ ಒಂದು ಕಟ್ಟಡ. ನನ್ನ ಕೂದಲು ಸದಾ ಸಾಂಬಾರಿನ ವಾಸನೆ ಹೊಡೆಯುತ್ತಿತ್ತು. ಶಾಲೆಯಲ್ಲಿ ನನ್ನನ್ನು ಹೆಸರು ಹಿಡಿದು ಕರೆದವರು ಕಡಿಮೆ, ಸಾಂಬಾರ್ ಎಂದು ಕರೆದವರೇ ಹೆಚ್ಚು. ಕರೆದವರಲ್ಲಿ ಇಬ್ಬರನ್ನು ನಾನು ಕಚ್ಚಿದ್ದೂ ಉಂಟು.

ಮನೆಯಲ್ಲಿ ಭಾಷೆಯೂ ಜಾಗ ನೋಡಿಕೊಂಡು ಬದಲಾಗುತ್ತಿತ್ತು. ಗಲ್ಲಾದಲ್ಲಿ ಮರಾಠಿ, ತರಕಾರಿಯವನ ಹತ್ತಿರ ಹಿಂದಿ, ಒಲೆಯ ಹತ್ತಿರ ಕುಂದಾಪುರದ ಕನ್ನಡ. ನನ್ನದು ಮಾತ್ರ ಯಾವ ಜಾಗಕ್ಕೂ ಸೇರದ ಕಲಸುಮೇಲೋಗರ. ಅಪ್ಪ ಅಮ್ಮ ಕನ್ನಡದಲ್ಲಿ ಕೇಳುತ್ತಿದ್ದರು, ನಾನು ಮರಾಠಿಯಲ್ಲಿ ಉತ್ತರಿಸುತ್ತಿದ್ದೆ. ಅದು ತಪ್ಪೆಂದು ಯಾರಿಗೂ ಅನ್ನಿಸಿರಲಿಲ್ಲ. ಅಷ್ಟರಲ್ಲಿ ಅಜ್ಜಿ, ಅಪ್ಪಯ್ಯನ ತಾಯಿ, ಊರಿನಿಂದ ಬಂದು ನಮ್ಮ ಜೊತೆ ಇರತೊಡಗಿದರು. ಬಂದ ಮೂರನೆಯ ದಿನವೇ ಅವರಿಗೂ ನನಗೂ ಜಗಳ ಹತ್ತಿತು. ಕನ್ನಡ ಒಂದನ್ನು ಬಿಟ್ಟು ಬೇರೆ ಯಾವ ಭಾಷೆಯ ಗಾಳಿಯೂ ಅವರಿಗೆ ಸೋಕಿರಲಿಲ್ಲ. ನಾನು ಮರಾಠಿಯಲ್ಲಿ ಏನು ಕೇಳಿದರೂ ಕಿವಿ ಕೇಳಿಸದವರ ಹಾಗೆ ಕೂತುಬಿಡುತ್ತಿದ್ದರು. ಊಟಕ್ಕೆ ಉಪ್ಪಿನಕಾಯಿ ಬೇಕೆಂದರೂ ಅಷ್ಟೆ.

"ಕನ್ನಡದಗೆ ಹೇಳ್ ಹೆಣೆ. ಕನ್ನಡದಗೆ ಹೇಳ್ರೆ ಕೊಡ್ತೆ."

"ಮಲಾ ಯೇತ್ ನಾಯ್," ಎನ್ನುತ್ತಿದ್ದೆ ನಾನು. ನನಗೆ ಬರುವುದಿಲ್ಲ ಎಂದು ಅರ್ಥ.

"ನಾಯ್ ಅಂತ್ಲಲೆ! ಉಪ್ಪಿನ್‌ಕಾಯಿ ಕೇಂಬುಕೆ ನಾಯ್ ಅಂಬುದಾ?" ಎಂದು ಅಜ್ಜಿ ಹಣೆ ಚಚ್ಚಿಕೊಳ್ಳುತ್ತಿದ್ದರು.

ಅಮ್ಮ ಸೆರಗು ಬಾಯಿಗೊತ್ತಿ ನಗುತ್ತಿದ್ದಳು. ಪೇಟೆಯ ಮರಾಠಿಯಲ್ಲಿ ಇಲ್ಲ ಎನ್ನುವುದಕ್ಕೆ ನಾಯ್ ಎನ್ನುತ್ತಾರೆ. ಕುಂದಾಪುರದವರು ಮಾತಿನ ಬಾಲ ಕತ್ತರಿಸಿ ನಾಯಿಯನ್ನು ನಾಯ್ ಎನ್ನುತ್ತಾರೆ. ಎರಡಕ್ಕೂ ಕೂದಲೆಳೆಯ ವ್ಯತ್ಯಾಸವೂ ಇಲ್ಲ. ಮನೆಯಲ್ಲಿ ದಿನಾ ಇದೊಂದು ತಮಾಷೆಯಾಗಿತ್ತು. ಹೋಟೆಲಿಗೆ ಬರುವ, ನೋಟು ಮುದ್ರಿಸುವ ಪ್ರೆಸ್ಸಿನ ಕೆಲಸಗಾರರಿಗೆ ಕೂಡ ಅಪ್ಪಯ್ಯ ಈ ಕಥೆ ಹೇಳಿ ನಗಿಸುತ್ತಿದ್ದ.

ಅಜ್ಜಿಯ ಮಡಿ ನಮ್ಮ ಎರಡು ಕೋಣೆಯ ಮನೆಗೆ ಮೀರಿದ್ದು. ಬೆಳಿಗ್ಗೆ ನಳದ ಕೆಳಗೆ ತಣ್ಣೀರು ಸುರಿದುಕೊಂಡು, ಒದ್ದೆ ಸೀರೆಯಲ್ಲೇ ದೇವರ ಮುಂದೆ ಕೂತು, ಆಮೇಲೆ ತಮ್ಮ ತಾಮ್ರದ ತಂಬಿಗೆಯಲ್ಲಿ ತಾವೇ ಹಿಡಿದ ನೀರನ್ನಷ್ಟೇ ಕುಡಿಯುತ್ತಿದ್ದರು. ಹೊರಗಿನ ನೀರು ಸತ್ತರೂ ಮುಟ್ಟುತ್ತಿರಲಿಲ್ಲ. ಅಂಗಳಕ್ಕೆ ನಾಯಿ ಬಂದರೆ ಇಡೀ ಅಂಗಳ ತೊಳೆಯಬೇಕು. ನಾನೋ, ಅಜ್ಜಿ ಬರುವ ಮೊದಲಿನಿಂದಲೂ ಓಣಿಯ ಒಂದು ನಾಯಿಯನ್ನು ಗುಟ್ಟಾಗಿ ಸಾಕಿಕೊಂಡಿದ್ದೆ. ಬಿಳಿ ಮೈ ಮೇಲೆ ಹಳದಿ ಚುಕ್ಕೆಗಳಿದ್ದ ಹೆಣ್ಣುನಾಯಿ. ಬುಂದಿ ಎಂದು ಹೆಸರಿಟ್ಟಿದ್ದೆ. ಮಿಕ್ಕ ಇಡ್ಲಿಯನ್ನು ಫ್ರಾಕಿನ ಜೇಬಿನಲ್ಲಿ ತುಂಬಿಕೊಂಡು ಬಂದು, ಬೇಲಿಯ ಒಂದು ಪತ್ರಾ ಸರಿಸಿ ಒಳಗೆ ಬಿಟ್ಟುಕೊಳ್ಳುತ್ತಿದ್ದೆ. ಒಂದು ದಿನ ಒದ್ದೆ ಅಂಗಳದ ತುಂಬ ಹೆಜ್ಜೆಗುರುತು ನೋಡಿ ಅಜ್ಜಿ ರಂಪ ಮಾಡಿದರು. ಅಪ್ಪಯ್ಯ ನನ್ನನ್ನು ಗಲ್ಲಾದ ಹತ್ತಿರ ನಿಲ್ಲಿಸಿಕೊಂಡು, ಇನ್ನೊಮ್ಮೆ ಆ ನಾಯಿ ಒಳಗೆ ಕಂಡರೆ ನಾಯಿ ಹಿಡಿಯುವ ಗಾಡಿ ಕರೆಸುತ್ತೇನೆ ಎಂದ. ಆ ಗಾಡಿಯಲ್ಲಿ ಹೋದ ನಾಯಿ ತಿರುಗಿ ಬಂದದ್ದನ್ನು ನಮ್ಮ ಓಣಿಯಲ್ಲಿ ಯಾರೂ ನೋಡಿರಲಿಲ್ಲ. ನಾನು ಆ ರಾತ್ರಿ ಊಟ ಮಾಡಲಿಲ್ಲ, ಆದರೆ ಪತ್ರಾ ಸರಿಸುವುದನ್ನು ಬಿಡಲೂ ಇಲ್ಲ.

ಬುಂದಿ ಬದಲಾದದ್ದು ಮಳೆ ನಿಂತ ಮೇಲೆ. ಮೊದಲು ಇಡ್ಲಿ ಬಿಟ್ಟಿತು. ಮೂಸಿ ನೋಡಿ, ಬಾಯಲ್ಲಿಟ್ಟು, ನುಂಗಲಾರದೆ ಕೆಳಗೆ ಬಿಡುತ್ತಿತ್ತು. ಆಮೇಲೆ ನನ್ನ ಕಡೆ ನೋಡುವುದನ್ನೇ ಬಿಟ್ಟಿತು. ಕರೆದರೆ ಕಿವಿ ಅಲ್ಲಾಡುತ್ತಿರಲಿಲ್ಲ. ಒಗೆಯುವ ಕಲ್ಲಿನ ಪಕ್ಕ ಕೂತು ಗೋಡೆಯನ್ನು ದಿಟ್ಟಿಸುತ್ತಿತ್ತು, ದವಡೆ ಸ್ವಲ್ಪ ಜೋತುಬಿದ್ದು ಜೊಲ್ಲು ಸುರಿಯುತ್ತಿತ್ತು. ನನಗೆ ಅದಕ್ಕಿಂತ ವಿಚಿತ್ರವೆನಿಸಿದ್ದು ಓಣಿಯ ಉಳಿದ ನಾಯಿಗಳ ನಡವಳಿಕೆ. ಅವು ಬುಂದಿಯ ಜೊತೆ ದಿನಾ ಕಿತ್ತಾಡುತ್ತಿದ್ದ ನಾಯಿಗಳು. ಈಗ ಬೇಲಿಯಾಚೆ ಸಾಲಾಗಿ ನಿಂತು ಗುರ್ ಎನ್ನುತ್ತಿದ್ದವು, ಬುಂದಿ ಎದ್ದರೆ ಬಾಲ ಮುದುರಿಕೊಂಡು ಹಿಂದೆ ಸರಿಯುತ್ತಿದ್ದವು. ಒಂದೂ ಒಳಗೆ ಬರುತ್ತಿರಲಿಲ್ಲ. ಹುಚ್ಚುನಾಯಿ ಎಂದರೆ ಓಣಿ ತುಂಬ ಓಡಾಡಿ ಸಿಕ್ಕಿದವರನ್ನೆಲ್ಲ ಕಚ್ಚುವುದು ಎಂದು ನಾನು ತಿಳಿದಿದ್ದೆ. ಇದು ಸುಮ್ಮನೆ ಕೂತಿತ್ತಲ್ಲ, ಜ್ವರ ಬಂದಿರಬೇಕು ಎಂದುಕೊಂಡೆ.

ಅಜ್ಜಿ ಬೆಳಿಗ್ಗೆ ಸ್ನಾನಕ್ಕೆ ಅಂಗಳಕ್ಕೆ ಹೋದಾಗ ಬುಂದಿ ಕಲ್ಲಿನ ಹಿಂದೆ ಇತ್ತು. ಪತ್ರಾ ಸರಿಸಿ ಒಳಗೆ ಬಿಟ್ಟವಳು ನಾನೇ. ಅಜ್ಜಿ ಹಚಾ ಎಂದದ್ದು ಕೇಳಿಸಿತು, ಆಮೇಲೆ ತಂಬಿಗೆ ಬಿದ್ದ ಸದ್ದು. ನಾನು ಓಡಿ ಹೋಗುವಷ್ಟರಲ್ಲಿ ಬುಂದಿ ಬೇಲಿಯ ಸಂದಿಯಲ್ಲಿ ನುಸುಳಿ ಹೊರಗೆ ಹೋಗಿತ್ತು. ಅಜ್ಜಿಯ ಕಾಲಿನ ಹರಡಿನ ಮೇಲೆ ಒಂದು ಗೀರು, ಅದರ ಕೆಳಗೆ ಒಂದು ತೂತು. ರಕ್ತ ಜಾಸ್ತಿ ಬರಲಿಲ್ಲ. ಯಾವುದೋ ನಾಯಿ ಎಂದಷ್ಟೇ ಅಜ್ಜಿಗೆ ಗೊತ್ತಿತ್ತು, ಅದು ಬುಂದಿ ಎಂದು ನಾನು ಹೇಳಲಿಲ್ಲ. ಅಮ್ಮ ಅರಿಶಿನ ಒತ್ತಿದಳು. ಹೋಟೆಲಿನಲ್ಲಿ ಬೆಳಗಿನ ಗಿರಾಕಿಗಳ ಗಲಾಟೆ, ಅಪ್ಪ ಅಮ್ಮ ಇಬ್ಬರೂ ಕೈ ಬಿಡುವ ಹಾಗಿರಲಿಲ್ಲ. ಅಜ್ಜಿಯನ್ನು ದವಾಖಾನೆಗೆ ಕರಕೊಂಡು ಹೋಗಿ ಬಾ ಎಂದು ನನ್ನನ್ನು ಕಳಿಸಿದರು. ಅಜ್ಜಿಗೆ ಮರಾಠಿ ಬಾರದು, ಡಾಕ್ಟರಿಗೆ ಕನ್ನಡ ಬಾರದು. ಎರಡೂ ಅರ್ಥವಾಗುವ ನಾನು ನಡುವೆ ಇದ್ದೆನಲ್ಲ, ಇನ್ನೇನು ಬೇಕು?

ಡಾಕ್ಟರು ಓಣಿಯ ತುದಿಯಲ್ಲೇ ಇದ್ದರು. ವಯಸ್ಸಾದವರು, ದಪ್ಪ ಕನ್ನಡಕ, ಮಕ್ಕಳಿಗೆ ಸೂಜಿ ಹಾಕಿದ ಮೇಲೆ ಖಾಲಿ ಸೀಸೆ ಆಡಲು ಕೊಡುತ್ತಿದ್ದರು. ಅಜ್ಜಿಯನ್ನು ಸ್ಟೂಲಿನ ಮೇಲೆ ಕೂರಿಸಿ, ಬಗ್ಗಿ ಕಾಲು ನೋಡಿದರು. ಅಮ್ಮ ಒತ್ತಿದ ಅರಿಶಿನದಡಿ ತೂತು ಮುಚ್ಚಿಹೋಗಿತ್ತು, ಗೀರು ಮಾತ್ರ ಕಾಣುತ್ತಿತ್ತು.

"ಕಾಯ್ ಝಾಲಂ ಆಜಿ? ಕಾಯ್ ಚಾವಲಂ ಕಾ?" ಏನಾಯ್ತು, ಏನಾದರೂ ಕಚ್ಚಿತೇ ಎಂದು ಕೇಳಿದರು.

ಅಜ್ಜಿಗೆ ಮಾತು ತಿಳಿಯದಿದ್ದರೂ ಪ್ರಶ್ನೆ ತಿಳಿಯಿತು. ಗಟ್ಟಿಯಾಗಿ, ಸ್ಪಷ್ಟವಾಗಿ ಹೇಳಿದರು.

"ನಾಯ್."

"ನಾಯ್ ನಾ? ಮಗ್ ಪತ್ರಾ ಲಾಗಲಾ ವಾಟತಂ." ಇಲ್ಲವೇ, ಹಾಗಾದರೆ ತಗಡು ತಾಗಿರಬೇಕು ಎಂದು ಡಾಕ್ಟರು ನನ್ನ ಮುಖ ನೋಡಿದರು.

ಮನೆಯಲ್ಲಿ ನಾವು ದಿನಾ ನಗುತ್ತಿದ್ದ ತಪ್ಪು ನನ್ನ ಕಣ್ಣೆದುರು ಆಯಿತು. ನನಗೆ ತಿಳಿಯಲಿಲ್ಲ ಎಂದು ಹೇಳಲಾರೆ. ಅರೆಕ್ಷಣದಲ್ಲಿ ತಿಳಿಯಿತು. ಬಾಯಿ ತೆರೆದು, ನಾಯಿಗೆ ಮರಾಠಿಯಲ್ಲಿರುವ ಕುತ್ರಾ ಎಂಬ ಒಂದು ಶಬ್ದ ಹೇಳಿದ್ದರೆ ಸಾಕಿತ್ತು. ಆದರೆ ಆ ಶಬ್ದ ಹೇಳಿದರೆ ಯಾವ ನಾಯಿ ಎಂದು ಡಾಕ್ಟರು ಕೇಳುತ್ತಾರೆ, ಅಪ್ಪಯ್ಯನಿಗೆ ಚೀಟಿ ಬರೆಯುತ್ತಾರೆ, ಅಪ್ಪಯ್ಯ ಗಾಡಿ ಕರೆಸುತ್ತಾನೆ, ಬುಂದಿಯನ್ನು ಕುಣಿಕೆ ಹಾಕಿ ಎಳೆದುಕೊಂಡು ಹೋಗುತ್ತಾರೆ. ಇಷ್ಟೂ ನನ್ನ ತಲೆಯಲ್ಲಿ ಓಡಿತು. ನಾನು ಹೌದೆಂದು ತಲೆಯಾಡಿಸಿದೆ. ಡಾಕ್ಟರು ಧನುರ್ವಾತದ ಒಂದು ಸೂಜಿ ಚುಚ್ಚಿ, ಕೆಂಪು ಔಷಧ ಹಚ್ಚಿ ಕಳಿಸಿದರು. ನಾಯಿ ಕಚ್ಚಿದ್ದಕ್ಕೆ ಸೂಜಿ ಆಯಿತೆಂದು ಅಜ್ಜಿ ನೆಮ್ಮದಿಯಿಂದ ಮನೆಗೆ ನಡೆದರು.

ಮಧ್ಯಾಹ್ನ ಊಟಕ್ಕೆ ಕೂತಾಗ ಅಪ್ಪಯ್ಯ ಕೇಳಿದ.

"ಡಾಕ್ಟ್ರಿಗೆ ನಾಯಿ ಅಂದೇಳಿ ಹೇಳಿದ್ರಿಯಾ?"

"ಆಜೀನೇಚ್ ಸಾಂಗಿತಲಂ," ಎಂದೆ. ಅಜ್ಜಿಯೇ ಹೇಳಿದರು ಎಂದು ಅರ್ಥ.

"ಹದಿನಾಲ್ಕ್ ಸೂಜಿ ಬೇಡ್ವಂಬ್ರಾ?"

"ಏಕ್‌ಚ್ ಪುರೇ," ಎಂದೆ. ಒಂದೇ ಸಾಕಂತೆ.

ನಾಯಿ ಕಚ್ಚಿದವರಿಗೆ ಆಗ ಹೊಟ್ಟೆಗೆ ದಿನಕ್ಕೊಂದರಂತೆ ಹದಿನಾಲ್ಕು ಸೂಜಿ ಹಾಕುತ್ತಿದ್ದರು. ಅದರ ಕಥೆ ಕೇಳಿಯೇ ಮಕ್ಕಳು ಹೆದರುತ್ತಿದ್ದೆವು. ಅಪ್ಪಯ್ಯ ಅನುಮಾನದಿಂದ ಒಮ್ಮೆ ಅಜ್ಜಿಯ ಕಡೆ ನೋಡಿದ. ಅಜ್ಜಿ, ಹೌದು, ನಾನೇ ಹೇಳಿದ್ದೇನೆ, ಎಂದರು. ದೊಡ್ಡ ಡಾಕ್ಟರು ಸಾಕೆಂದ ಮೇಲೆ ಸಾಕು ಎಂದು ಅಪ್ಪಯ್ಯ ಮಜ್ಜಿಗೆ ಸುರಿದುಕೊಂಡ. ನಾನು ಆಡಿದ ಎರಡು ಮಾತಿನಲ್ಲಿ ಮೊದಲನೆಯದು ಅಪ್ಪಟ ಸತ್ಯ. ಎಷ್ಟೋ ವರ್ಷ ಆ ಸತ್ಯವನ್ನು ಹಿಡಿದುಕೊಂಡು ನನಗೆ ನಾನೇ ಸಮಾಧಾನ ಹೇಳಿಕೊಂಡಿದ್ದೇನೆ.

ಬುಂದಿ ಮತ್ತೆ ಅಂಗಳಕ್ಕೆ ಬರಲಿಲ್ಲ. ಐದನೆಯ ದಿನ ಶಾಲೆಯಿಂದ ಬರುವಾಗ ಶಾಂತವ್ವ ಓಣಿಯಲ್ಲಿ ತಡೆದು ನಿಲ್ಲಿಸಿದಳು. ಆಚೆಯ ಕಟ್ಟಡದಲ್ಲಿ ಗಾರೆ ಹೊರುತ್ತಿದ್ದ ವಿಜಾಪುರದ ಕಡೆಯ ಹೆಂಗಸು. ಹತ್ತು ವರ್ಷದ ನನಗೂ ರೀ ಹಚ್ಚಿ ಮಾತಾಡುತ್ತಿದ್ದಳು.

"ಬಾಯವ್ವಾ, ನಿಮ್ಮ ನಾಯಿ ಸತ್ತೈತ್ರಿ. ಉಸುಕಿನ ಗುಡ್ಡಿ ಹಿಂದ ಬಿದ್ದಿತ್ತು. ನಮ್ಮವ್ರು ನೀರ ಇಟ್ಟ್ರ ನೋಡಿದ್ದ ತಡಾ, ಮೈಯೆಲ್ಲಾ ನಡಗಸ್ತಿತ್ತ್ರಿ. ಅದಕ್ಕ ಹುಚ್ಚ ಹಿಡದಿತ್ತು. ಯಾರಿಗರೆ ಕಡದೈತೇನ್ರಿ?"

ನಾನು ಇಲ್ಲ ಎಂದೆ. ಅವಳು ನನ್ನ ಕೈಕಾಲುಗಳನ್ನೆಲ್ಲ ತಿರುಗಿಸಿ ನೋಡಿದಳು.

"ಕಡದಿದ್ರ ಮುಚ್ಚಿಡಬ್ಯಾಡ್ರಿ ಮತ್ತ. ಮನಷ್ಯಾರಿಗೆ ಬಂತಂದ್ರ ನೀರ ಕಂಡ್ರ ಅಂಜತಾರ, ನಾಯಿ ಗತೆ ಒದರಿ ಸಾಯ್ತಾರ. ನಮ್ಮೂರಾಗ ನೋಡೀನಿ."

ಈಗ ಹೇಳದೆ ಇರುವುದಕ್ಕೆ ಯಾವ ಕಾರಣವೂ ಉಳಿದಿರಲಿಲ್ಲ. ಬುಂದಿ ಸತ್ತಿತ್ತು, ಗಾಡಿಯ ಭಯ ಮುಗಿದಿತ್ತು. ಆದರೂ ನಾನು ಹೇಳಲಿಲ್ಲ. ಮೊದಲ ದಿನ ನಾಯಿಗೋಸ್ಕರ ಸುಮ್ಮನಿದ್ದೆ. ಈಗ ಸುಮ್ಮನಿದ್ದದ್ದು ನನಗೋಸ್ಕರ, ಅಪ್ಪಯ್ಯನ ಹೊಡೆತದ ಭಯಕ್ಕೆ. ಆ ದಿನದಿಂದ ನನಗೆ ಒಂದೇ ಕೆಲಸ. ಅಜ್ಜಿ ನೀರು ಕುಡಿಯುವುದನ್ನು ನೋಡುವುದು. ಬೆಳಿಗ್ಗೆ ಏಳುವ ಮೊದಲೇ ಅವರ ಕೋಣೆಯ ಬಾಗಿಲಲ್ಲಿ ಕೂತಿರುತ್ತಿದ್ದೆ. ಅವರು ತಂಬಿಗೆ ಎತ್ತಿ, ಅವರ ಗಂಟಲು ಮೇಲೆ ಕೆಳಗೆ ಆಗುವುದನ್ನು ಕಂಡ ಮೇಲೆಯೇ ಎದ್ದು ಮುಖ ತೊಳೆಯಲು ಹೋಗುತ್ತಿದ್ದೆ. ಮೊಮ್ಮಗಳಿಗೆ ತಮ್ಮ ಮೇಲೆ ಪ್ರೀತಿ ಬಂದಿದೆ ಎಂದು ಅಜ್ಜಿ ಬೀಗಿದರು. ಕೇಳದೆಯೇ ಉಪ್ಪಿನಕಾಯಿ ಬಡಿಸತೊಡಗಿದರು. ಅದನ್ನು ನಾನು ತಟ್ಟೆಯ ಅಂಚಿಗೆ ಸರಿಸಿಡುತ್ತಿದ್ದೆ.

ನಾಯಿ ಕಚ್ಚಿ ಎರಡು ವಾರ ದಾಟಿದ ಮೇಲೆ ದೊಡ್ಡಪ್ಪನ ಮನೆಯಲ್ಲಿ ಸತ್ಯನಾರಾಯಣ ಪೂಜೆ. ದೊಡ್ಡಪ್ಪನ ಹೋಟೆಲು ಔರಂಗಾಬಾದಿನಲ್ಲಿ, ಎಂದರೆ ಇಂದಿನ ಛತ್ರಪತಿ ಸಂಭಾಜಿನಗರದಲ್ಲಿ. ಮದುವೆಯಾಗಿ ಬಂದ ಮೇಲೆ ನಾನೂ ಇದೇ ಊರಿನವಳಾದೆ. ಆಗ ನನಗದು ರಜೆಗೆ ಹೋಗುವ ಊರು. ಅಪ್ಪಯ್ಯ ಹೋಟೆಲು ನೋಡಿಕೊಳ್ಳಲು ಉಳಿದ. ಅಮ್ಮ, ಅಜ್ಜಿ, ನಾನು ಬೆಳಗಿನ ಬಸ್ಸು ಹತ್ತಿದೆವು. ಸುಡುವ ಬಿಸಿಲು. ವೈಜಾಪುರದ ಸ್ಟ್ಯಾಂಡಿನಲ್ಲಿ ಬಸ್ಸು ನಿಂತಾಗ ಅಜ್ಜಿಯ ತಂಬಿಗೆ ಖಾಲಿಯಾಗಿತ್ತು. ಅಮ್ಮ ಕೆಳಗಿಳಿದು ಒಂದು ಲೋಟ ನೀರು ತಂದು ಮುಂದೆ ಹಿಡಿದಳು. ಅಜ್ಜಿ ಮುಖ ತಿರುಗಿಸಿದರು. ಅಮ್ಮ ಇನ್ನೊಮ್ಮೆ ಹಿಡಿದಳು. ಅಜ್ಜಿ ಕೈಯಿಂದ ಲೋಟ ತಳ್ಳಿದರು, ನೀರು ನನ್ನ ಫ್ರಾಕಿನ ಮೇಲೆ ಚೆಲ್ಲಿತು. ನಾನು ಕಿಟಾರನೆ ಕಿರುಚಿದೆ. ಬಸ್ಸಿನವರೆಲ್ಲ ತಿರುಗಿ ನೋಡಿದರು.

"ಎಂತ ಆಯ್ತ್ ಈ ಹೆಣ್ಣಿಗೆ? ಸ್ಟ್ಯಾಂಡಿನ್ ನೀರ್ ನಾ ಕುಡಿತಿಲ್ಲೆ ಅಂದೇಳಿ ಗೊತ್ತಿಲ್ಯಾ?" ಎಂದರು ಅಜ್ಜಿ.

ಮಡಿ. ಬರೀ ಮಡಿ. ನನಗೆ ಅದು ಗೊತ್ತಿತ್ತು, ಆದರೂ ದೊಡ್ಡಪ್ಪನ ಮನೆ ಮುಟ್ಟಿ, ಅಲ್ಲಿಯ ನಳದಲ್ಲಿ ತಾವೇ ಹಿಡಿದ ನೀರನ್ನು ಅಜ್ಜಿ ಗಟಗಟ ಕುಡಿಯುವವರೆಗೆ ನಾನು ಅವರ ಸೆರಗು ಬಿಡಲಿಲ್ಲ.

ಪೂಜೆಯ ಮರುದಿನ ಭಾನುವಾರ. ದೊಡ್ಡಪ್ಪನ ಮಗ ಸುರೇಶಣ್ಣ ಮಧ್ಯಾಹ್ನದ ಊಟವಾದ ಮೇಲೆ ವಿಸಿಆರ್ ಬಾಡಿಗೆಗೆ ತಂದ. ಕಾಲೇಜಿಗೆ ಹೋಗುತ್ತಿದ್ದವನು, ಇಂಗ್ಲಿಷು ತನಗೆ ನೀರು ಕುಡಿದಷ್ಟು ಸುಲಭವೆಂದು ಹೇಳಿಕೊಳ್ಳುತ್ತಿದ್ದ. ತಂದದ್ದೂ ಇಂಗ್ಲಿಷ್ ಸಿನಿಮಾ, ಬೇರೆ ಲೋಕದಿಂದ ಬಂದ ಯಾವುದೋ ಜೀವಿಯ ಕಥೆ. ಕಿಟಕಿಗೆ ಚಾದರ ಕಟ್ಟಿ, ಚಾಪೆ ಹಾಸಿ, ಪೂಜೆಯಲ್ಲಿ ಉಳಿದ ರವೆಯ ಸಪಾದ ಪ್ರಸಾದ ತಿನ್ನುತ್ತ ನಾವೆಲ್ಲ ಕೂತೆವು. ಅಜ್ಜಿ ಗೋಡೆಗೊರಗಿ ಕಾಲು ಚಾಚಿ ಕೂತರು. ಪರದೆಯ ಮೇಲೆ ಎಲ್ಲಿ ನೋಡಿದರೂ ಹಿಮ. ಅಲ್ಲಿದ್ದ ಜನ ಮಾತಾಡಿದಾಗಲೆಲ್ಲ ಸುರೇಶಣ್ಣ ನಮಗೆ ಅರ್ಥ ಹೇಳುತ್ತಿದ್ದ. ಹೇಳಿದ್ದರಲ್ಲಿ ಮುಕ್ಕಾಲು ಪಾಲು ಅವನ ಸ್ವಂತದ್ದೇ ಎಂದು ಈಗ ಅನ್ನಿಸುತ್ತದೆ. ಇವನು ಅವನ ಭಾವಮೈದುನ, ಊಟ ಸರಿ ಇಲ್ಲ ಅಂತ ಜಗಳ, ಎಂದು ಒಂದು ಕಡೆ ಹೇಳಿದ್ದು ನೆನಪಿದೆ. ದೊಡ್ಡಮ್ಮ ಅದನ್ನು ನಂಬಿ, ಅಡುಗೆಯವರಿಲ್ಲದ ಕಡೆ ಹಾಗೇ ಆಗುವುದು ಎಂದಳು.

ಆಮೇಲೆ ಆ ದೃಶ್ಯ ಬಂತು. ಹೊಸದಾಗಿ ಬಂದ ಒಂದು ನಾಯಿಯನ್ನು ಉಳಿದ ನಾಯಿಗಳಿರುವ ಗೂಡಿಗೆ ಬಿಟ್ಟು ಬಾಗಿಲು ಹಾಕುತ್ತಾರೆ. ಗೂಡಿನಲ್ಲಿ ಕತ್ತಲು. ಮಲಗಿದ್ದ ನಾಯಿಗಳು ಒಂದೊಂದಾಗಿ ತಲೆ ಎತ್ತುತ್ತವೆ. ಹೊಸ ನಾಯಿ ಯಾರನ್ನೂ ನೋಡುವುದಿಲ್ಲ, ನೆಟ್ಟ ನೋಟದಲ್ಲಿ ಸುಮ್ಮನೆ ಕೂರುತ್ತದೆ. ಮೊದಲು ಒಂದು ನಾಯಿ ಗುರ್ ಎನ್ನುತ್ತದೆ, ಆಮೇಲೆ ಎಲ್ಲವೂ. ಅಲ್ಲಿ ಮಾತೇ ಇರಲಿಲ್ಲ. ಸುರೇಶಣ್ಣನಿಗೆ ಹೇಳಲು ಏನೂ ಸಿಗದೆ ಅವನೂ ಸುಮ್ಮನಾದ. ಇಡೀ ಸಿನಿಮಾದಲ್ಲಿ ಯಾರ ಸಹಾಯವೂ ಇಲ್ಲದೆ ನನಗೆ ಅರ್ಥವಾದದ್ದು ಅದೊಂದೇ. ಹಿಂದೆ ಸರಿಯುತ್ತಿದ್ದ ಆ ನಾಯಿಗಳನ್ನು ನಾನು ನಮ್ಮ ಬೇಲಿಯಾಚೆ ನೋಡಿದ್ದೆ. ಆ ಕೂತ ನಾಯಿಯನ್ನು ನಮ್ಮ ಒಗೆಯುವ ಕಲ್ಲಿನ ಪಕ್ಕ ನೋಡಿದ್ದೆ. ಮನುಷ್ಯರಿಗೆ ತಿಳಿಯುವ ಮೊದಲೇ ಅವುಗಳಿಗೆ ತಿಳಿದಿತ್ತು.

"ಆ ನಾಯ್ ಸಮ ಇಲ್ಲೆ ಕಾಣ್," ಎಂದರು ಹಿಂದಿನಿಂದ ಅಜ್ಜಿ. ಸರಿ ಇಲ್ಲ ಎಂಬುದಕ್ಕೆ ಅವರ ಮಾತು ಸಮ ಇಲ್ಲೆ.

ತಿರುಗಿ ನೋಡಿದೆ. ಅಜ್ಜಿಯ ಕಣ್ಣು ಪರದೆಯ ಮೇಲಿತ್ತು. ಕೈ ತನ್ನಷ್ಟಕ್ಕೆ ಕಾಲಿನ ಗಾಯದ ಕಲೆಯನ್ನು ತುರಿಸುತ್ತಿತ್ತು. ವಾಸಿಯಾದ ಗಾಯ ತುರಿಸುವುದು ಸಹಜ ಎಂದು ಈಗ ಬಲ್ಲೆ. ಆಗ ನನಗೆ ಏನೂ ಹೊಳೆಯಲಿಲ್ಲ, ಎದ್ದು ನಿಂತು ಕೂಗಿದೆ.

"ಅಜ್ಜೀ, ಡಾಕ್ಟರ್‌ಲಾ ಸಮಜ್‌ಲಂ ನಾಯ್!"

"ಹೌದ್ ಮಗಾ, ನಾಯ್ ಅಂದೇ ನಾ ಹೇಳದ್ದ್. ಅವ್ರಿಗೆ ಗೊತ್ತಾಯ್ತ್," ಎಂದರು ಅಜ್ಜಿ ಶಾಂತವಾಗಿ.

ಡಾಕ್ಟರಿಗೆ ತಿಳಿಯಲಿಲ್ಲ ಎಂದು ನಾನು ಅಂದೆ. ನಾಯಿ ಎಂದು ತಿಳಿಯಿತು ಅಂತ ಅಜ್ಜಿಗೆ ಕೇಳಿಸಿತು. ಅದೇ ತಪ್ಪು ಎರಡನೆಯ ಸಲ, ನನ್ನದೇ ಬಾಯಿಂದ. ನನಗೆ ಅಳು ಬಂತು. ಬಾಯಿಗೆ ಬಂದದ್ದೆಲ್ಲ ಮರಾಠಿಯೇ. ಒಂದೊಂದೇ ಕನ್ನಡ ಶಬ್ದವನ್ನು ಎಲ್ಲಿಂದಲೋ ಎಳೆದು ತಂದು ಜೋಡಿಸಿದೆ. "ಡಾಕ್ಟರಿಗೆ ಗೊತ್ತಾಗಲಿಲ್ಲ. ನಾಯಿ ಕಚ್ಚಿದ್ದು ಗೊತ್ತಾಗಲಿಲ್ಲ. ಪತ್ರಾ ತಾಗಿದ್ದು ಅಂದರು. ನಾನು ಹೇಳಲಿಲ್ಲ. ಆ ನಾಯಿಗೆ ಹುಚ್ಚು. ಅದು ಸತ್ತುಹೋಯಿತು." ನನ್ನ ಜೀವಮಾನದಲ್ಲಿ ನಾನು ಆಡಿದ ಮೊದಲ ಪೂರ್ತಿ ಕನ್ನಡ ವಾಕ್ಯಗಳು ಅವು. ಅಮ್ಮನ ಕೈಯಿಂದ ಪ್ರಸಾದದ ಬಟ್ಟಲು ಜಾರಿತು. ಸುರೇಶಣ್ಣ ಟೀವಿ ಆರಿಸಿದ. ಆ ಗೂಡಿನಲ್ಲಿ ಮುಂದೇನಾಯಿತೆಂದು ನನಗೆ ಇವತ್ತಿಗೂ ಗೊತ್ತಿಲ್ಲ. ಮೊನ್ನೆ ಮಗ ಅದೇ ಸಿನಿಮಾ ಫೋನಿನಲ್ಲಿ ಹುಡುಕಿ ಕೊಟ್ಟಿದ್ದ, ನೋಡದೆ ಹಿಂದಿರುಗಿಸಿದೆ.

ಅರ್ಧ ಗಂಟೆಯಲ್ಲಿ ನಾವು ಆಸ್ಪತ್ರೆಯಲ್ಲಿದ್ದೆವು. ಕಚ್ಚಿ ಎಷ್ಟು ದಿನವಾಯಿತು ಎಂದು ಅಲ್ಲಿಯ ಡಾಕ್ಟರು ಕೇಳಿದರು. ಹದಿನೆಂಟು ದಿನ ಎಂದು ಅಮ್ಮ ಬೆರಳು ಮಡಚಿ ಹೇಳಿದಳು. ನಾಯಿ? ಸತ್ತಿದೆ. ಅವರು ಪೆನ್ನು ಕೆಳಗಿಟ್ಟರು. ಸೂಜಿ ಶುರು ಮಾಡುತ್ತೇವೆ, ಆದರೆ ತಡವಾಗಿದೆ, ಏನೂ ಹೇಳಲಾಗದು, ಮೂರು ನಾಲ್ಕು ತಿಂಗಳು ನೋಡಬೇಕು ಎಂದರು. ಇದನ್ನು ಅಜ್ಜಿಗೆ ಹೇಳುವವರಾರು ಎಂದು ದೊಡ್ಡಪ್ಪ, ಅಮ್ಮ ಮುಖ ಮುಖ ನೋಡಿಕೊಂಡರು. ಅಜ್ಜಿ ಅವರಿಬ್ಬರನ್ನೂ ಬಿಟ್ಟು ನನ್ನ ಕೈ ಹಿಡಿದರು.

"ನೀನೇ ಹೇಳ್. ಬೇರೆಯವ್ರ್ ಬ್ಯಾಡ. ಎಂತ ಹೇಳ್ರ್ ಅವ್ರ್?"

ಹೇಳಿದೆ. ತಡವಾಗಿದೆ ಎಂಬುದನ್ನೂ ಹೇಳಿದೆ. ಅಮ್ಮ ನಾಸಿಕ್ಕಿಗೆ ಮರಳಿದಳು, ಹದಿನಾಲ್ಕು ದಿನ ಅಜ್ಜಿಯೂ ನಾನೂ ದೊಡ್ಡಪ್ಪನ ಮನೆಯಲ್ಲೇ ಉಳಿದೆವು. ನನ್ನ ಶಾಲೆ ತಪ್ಪಿತು, ಯಾರೂ ಅದರ ಮಾತೆತ್ತಲಿಲ್ಲ. ದಿನಾ ಬೆಳಿಗ್ಗೆ ಸೈಕಲ್ ರಿಕ್ಷಾದಲ್ಲಿ ಹೋಗುವುದು, ಅಜ್ಜಿ ಸೀರೆ ಸಡಿಲಿಸಿ ಮಲಗುವುದು, ಉದ್ದದ ಸೂಜಿ ಹೊಟ್ಟೆಗೆ ಇಳಿಯುವುದು. ಅಜ್ಜಿ ಹಲ್ಲು ಕಚ್ಚಿ ನನ್ನ ಮಣಿಕಟ್ಟು ಹಿಡಿಯುತ್ತಿದ್ದರು. ಒಂಬತ್ತನೆಯ ದಿನವೋ ಹತ್ತನೆಯ ದಿನವೋ, ಸೂಜಿ ಆದ ಮೇಲೆ ಆಸ್ಪತ್ರೆಯ ಬೆಂಚಿನ ಮೇಲೆ ದಣಿವಾರಿಸಿಕೊಳ್ಳುತ್ತಿದ್ದಾಗ, ನನ್ನ ಕಡೆ ನೋಡದೆ ಕೇಳಿದರು.

"ನಿಂಗ್ ಆಗ್ಳೇ ಗೊತ್ತಾಯ್ತ್ ಅಲ್ದಾ? ಆ ಡಾಕ್ಟ್ರ್ ತಪ್ ತಿಳ್ಕಂಡದ್ದ್?"

"ಹೌದು."

ಅಜ್ಜಿ ಹೊಟ್ಟೆಯ ಮೇಲೆ ಎದ್ದ ಗಂಟುಗಳನ್ನು ಸೆರಗಿನ ಮೇಲಿಂದ ಸವರಿಕೊಂಡರು.

"ಅದ್ನ ಯಾರ್ ಹತ್ರವೂ ಹೇಳುಕಾಗ. ನಾ ಸತ್ರೂ ಹೇಳುಕಾಗ, ಬದ್ಕಿದ್ರೂ ಹೇಳುಕಾಗ. ನಿನ್ ಅಪ್ಪಯ್ಯಂಗೆ ಅಂತೂ ಹೇಳುಕೇ ಆಗ."

ನಾಸಿಕ್ಕಿಗೆ ಮರಳಿದ ಮೇಲೆ ಮನೆ ಬೇರೆಯದೇ ಆಗಿತ್ತು. ಮೊದಲು ಅಜ್ಜಿ ನೀರು ಕುಡಿಯುವುದನ್ನು ನಾನೊಬ್ಬಳೇ ನೋಡುತ್ತಿದ್ದೆ. ಈಗ ಎಲ್ಲರೂ ನೋಡುತ್ತಿದ್ದರು, ಯಾರೂ ನೋಡದವರ ಹಾಗೆ ನಟಿಸುತ್ತಿದ್ದರು. ಅಜ್ಜಿ ತಂಬಿಗೆ ಎತ್ತಿದರೆ ಅಮ್ಮನ ಸೌಟು ನಿಲ್ಲುತ್ತಿತ್ತು. ಅಪ್ಪಯ್ಯ ಗಲ್ಲಾ ಬಿಟ್ಟು ಬಂದು ಬಾಗಿಲಲ್ಲಿ ಸುಮ್ಮನೆ ನಿಂತು ಹೋಗುತ್ತಿದ್ದ. ರಾತ್ರಿ ಅಜ್ಜಿ ಕೆಮ್ಮಿದರೆ ಮೂವರೂ ಏಳುತ್ತಿದ್ದೆವು. ಮನೆಯಲ್ಲಿ ನಗುವುದು ನಿಂತೇಹೋಗಿತ್ತು, ನಾಯ್ ಎಂಬ ಶಬ್ದ ಯಾರ ಬಾಯಲ್ಲೂ ಬರುತ್ತಿರಲಿಲ್ಲ. ಇದು ನಾಲ್ಕು ತಿಂಗಳು ನಡೆಯಿತು. ಅಜ್ಜಿ ಸಾಯಲಿಲ್ಲ, ಆಮೇಲೆ ಹನ್ನೊಂದು ವರ್ಷ ಬದುಕಿದರು ಎಂದು ಈಗಲೇ ಹೇಳಿಬಿಡುತ್ತೇನೆ. ಆಗ ಅದು ನಮಗೆ ಗೊತ್ತಿರಲಿಲ್ಲ. ಎಲ್ಲಕ್ಕಿಂತ ಹೆಚ್ಚಾಗಿ ಅಪ್ಪಯ್ಯನಿಗೆ ಗೊತ್ತಿರಲಿಲ್ಲ. ಹೆದರಿದ ಮನುಷ್ಯನಿಗೆ ಸಿಟ್ಟು ಮಾಡಲು ಒಬ್ಬರು ಬೇಕು. ಮಗುವಿಗೆ ಏನು ತಿಳಿದೀತು, ಅಷ್ಟು ಓದಿದ ಡಾಕ್ಟರಿಗೆ ಹಲ್ಲಿನ ಗುರುತು ಕಾಣಲಿಲ್ಲವೇ ಎಂದು ಬಂದ ಗಿರಾಕಿಗಳಿಗೆಲ್ಲ ಹೇಳಿದ. ಇಡ್ಲಿಗೆ ಬರುವವರ ಬಾಯಿಂದ ಮಾತು ಓಣಿ ತುಂಬ ಹಬ್ಬಿತು. ದವಾಖಾನೆಯ ಮುಂದಿನ ಬೆಂಚು ಖಾಲಿಯಾಗತೊಡಗಿತು. ಶಾಲೆಗೆ ಹೋಗುವ ದಾರಿಯಲ್ಲಿ ನಾನದನ್ನು ದಿನಾ ನೋಡುತ್ತಿದ್ದೆ.

ಒಂದು ಸಂಜೆ ಅಪ್ಪಯ್ಯ ಅಜ್ಜಿಯನ್ನೂ ನನ್ನನ್ನೂ ಕರಕೊಂಡು ದವಾಖಾನೆಗೆ ನಡೆದ. ಅಲ್ಲಿ ನಾವು ಬಿಟ್ಟರೆ ಯಾರೂ ಇರಲಿಲ್ಲ. ಅಪ್ಪಯ್ಯ ಅಜ್ಜಿಯನ್ನು ಅದೇ ಸ್ಟೂಲಿನ ಮೇಲೆ ಕೂರಿಸಿ, ಮೇಜು ಬಡಿದು ಮರಾಠಿಯಲ್ಲಿ ಕೂಗಾಡಿದ. ನನ್ನ ತಾಯಿ ಸತ್ತರೆ ಯಾರು ಜವಾಬ್ದಾರಿ ಎಂದ. ಡಾಕ್ಟರು ಕನ್ನಡಕ ತೆಗೆದು ಕೈಯಲ್ಲಿ ಹಿಡಿದಿದ್ದರು.

"ಆಜಿ ಸ್ವತಃ ನಾಯ್ ಮ್ಹಣಾಲ್ಯಾ," ಎಂದರು. ಅಜ್ಜಿಯೇ ಇಲ್ಲ ಎಂದರು. "ಮಗ್ ಮೀ ಹ್ಯಾ ಪೋರೀಲಾ..."

ಆಮೇಲೆ ನಾನು ಈ ಹುಡುಗಿಯನ್ನು, ಎಂದು ಶುರು ಮಾಡಿ ನನ್ನ ಕಡೆ ತಿರುಗಿದರು. ನಾನು ತಲೆಯಾಡಿಸಿದ್ದು ಅವರಿಗೆ ನೆನಪಿತ್ತು. ಅದು ಅವರ ಕಣ್ಣಲ್ಲಿ ನನಗೆ ಕಂಡಿತು. ಅಪ್ಪಯ್ಯನೂ ನನ್ನ ಕಡೆ ನೋಡಿದ. ನಾನು ಅಜ್ಜಿಯ ಸ್ಟೂಲಿನ ಹಿಂದೆ ಸರಿದೆ. ಡಾಕ್ಟರು ನನ್ನನ್ನು ನೋಡುತ್ತ ನೋಡುತ್ತ ವಾಕ್ಯವನ್ನು ಅಲ್ಲಿಗೇ ನಿಲ್ಲಿಸಿದರು. ಕನ್ನಡಕ ಹಾಕಿಕೊಂಡು ಎದ್ದು, ಮೇಜು ಸುತ್ತಿ ಬಂದು ಅಜ್ಜಿಯ ಮುಂದೆ ನಿಂತು ಎರಡೂ ಕೈ ಮುಗಿದರು.

"ಚೂಕ್ ಮಾಝೀ ಝಾಲೀ, ಆಜಿ. ಪೋರೀಲಾ ಕಾಹೀ ಬೋಲೂ ನಕಾ."

ಅಪ್ಪಯ್ಯ ಮುಖ ತಿರುಗಿಸಿ ಕಿಟಕಿಯ ಕಡೆ ನಿಂತ. ಅಜ್ಜಿ ನನ್ನ ತೋಳು ಹಿಡಿದು ಎಳೆದರು.

"ಎಂತ ಹೇಳ್ರ್ ಮಗಾ ಅವ್ರ್?"

ನಾನು ಡಾಕ್ಟರ ಮುಗಿದ ಕೈಗಳನ್ನು ನೋಡುತ್ತ, ಒಂದಕ್ಷರ ಬಿಡದೆ ಕನ್ನಡದಲ್ಲಿ ಹೇಳಿದೆ.

"ತಪ್ಪು ನನ್ನದು, ಅಜ್ಜಿ. ಹುಡುಗಿಗೆ ಏನೂ ಅನ್ನಬೇಡಿ."